ಬೇರಿಗೆ ಬೇಲಿ, ಪೈಪಿಗೆ ಕೊಳೆ: ಮಣ್ಣಿನ ಬ್ಯಾಕ್ಟೀರಿಯಾ ಕಟ್ಟುವ ಲೋಳೆಪದರ

ಮನೆಯ ಮೇಲಿನ ನೀರಿನ ಟ್ಯಾಂಕ್ ಅರ್ಧ ಖಾಲಿಯಾದಾಗ ಅದರ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಜಾರುವ, ಅಂಟುವ ಒಂದು ತೆಳು ಪದರ ಕೈಗೆ ಹತ್ತುತ್ತದೆ. ವುಝೂ ಮಾಡುವ ನಲ್ಲಿಯ ಬಾಯಿ, ಬದ್ನಾದ ಮೂತಿಯ ಒಳಭಾಗ, ಮಕ್ಕಳ ನೀರಿನ ಬಾಟಲಿಯ ಮುಚ್ಚಳದ ಸಂದು, ಸಿಂಕಿನ ಕೊಳವೆ ಇವೆಲ್ಲದರಲ್ಲೂ ಅದೇ ಲೋಳೆ ಇರುತ್ತದೆ. ನಾವು ಅದನ್ನು ‘ಪಾಚಿ’ ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಪಾಚಿ ಬೆಳೆಯಲು ಬೆಳಕು ಬೇಕು. ಮುಚ್ಚಿದ ಟ್ಯಾಂಕಿನ ಕತ್ತಲಲ್ಲಿ, ಪೈಪಿನ ಹೊಟ್ಟೆಯಲ್ಲಿ ಬೆಳೆಯುವ ಲೋಳೆ ಪಾಚಿಯಲ್ಲ. ಅದು ಬ್ಯಾಕ್ಟೀರಿಯಾಗಳು ಒಟ್ಟಾಗಿ ಕಟ್ಟಿಕೊಂಡ ವಸತಿ. ವಿಜ್ಞಾನಿಗಳು ಅದನ್ನು ಬಯೋಫಿಲ್ಮ್ ಎನ್ನುತ್ತಾರೆ. ನಾವು ಲೋಳೆಪದರ ಎನ್ನೋಣ.

ಈ ಪದರ ಕಟ್ಟುವ ಬ್ಯಾಕ್ಟೀರಿಯಾಗಳಲ್ಲಿ ಅನೇಕವು ಮೂಲತಃ ಮಣ್ಣು ಮತ್ತು ನೀರಿನ ನಿವಾಸಿಗಳು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಲ್ಲಿ, ರಾಗಿ ಹೊಲಗಳಲ್ಲಿ ಬೇರಿನ ಮೇಲೆ ಇಂತಹ ಪದರ ಕಟ್ಟಿದರೆ ಅದು ಬೆಳೆಗೆ ಕಾವಲು. ಟ್ಯಾಂಕಿನಲ್ಲಿ, ರೋಗಿಗೆ ಹಾಕಿದ ಮೂತ್ರದ ನಳಿಕೆಯಲ್ಲಿ, ವಾಸಿಯಾಗದ ಗಾಯದಲ್ಲಿ ಕಟ್ಟಿದರೆ ಅದು ರೋಗಾಣುವಿಗೆ ಕೋಟೆ. ಎರಡು ಕಡೆಯೂ ನಡೆಯುವ ಕೆಲಸ ಒಂದೇ, ನಡೆಯುವ ಜಾಗ ಮಾತ್ರ ಬೇರೆ. ಆದ್ದರಿಂದ ತೋಟದಲ್ಲಿ ಇದನ್ನು ಉಳಿಸಿಕೊಳ್ಳಬೇಕು, ಮನೆಯಲ್ಲಿ ಉಜ್ಜಿ ತೆಗೆಯಬೇಕು. ಬರೀ ಔಷಧ ಸುರಿದರೆ ಇದು ಏಕೆ ಹೋಗುವುದಿಲ್ಲ, ಮೊದಲು ಏಕೆ ಉಜ್ಜಲೇಬೇಕು ಎಂಬುದನ್ನು ಅರ್ಥ ಮಾಡಿಕೊಂಡರೆ ಮನೆಯ ಎಷ್ಟೋ ಕಾಯಿಲೆಗಳ ದಾರಿ ಮುಚ್ಚುತ್ತದೆ.

ಲೋಳೆ ಹೇಗೆ ಕಟ್ಟುತ್ತದೆ?

ಬ್ಯಾಕ್ಟೀರಿಯಾ ಎಂದರೆ ನೀರಿನಲ್ಲಿ ಒಂಟಿಯಾಗಿ ಈಜುವ ಒಂದು ಚುಕ್ಕೆ ಎಂದು ಶಾಲೆಯ ಪುಸ್ತಕದ ಚಿತ್ರ ನೋಡಿ ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಪ್ರಕೃತಿಯಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಗುಂಪಾಗಿಯೇ ಬದುಕುತ್ತವೆ. ಕೆನಡಾದ ಸೂಕ್ಷ್ಮಜೀವಿ ವಿಜ್ಞಾನಿ ಬಿಲ್ ಕೋಸ್ಟರ್ಟನ್ ಮತ್ತು ಸಂಗಡಿಗರು 1978ರಲ್ಲಿ ಬರೆದ ಲೇಖನವೊಂದರ ನಂತರ ಈ ವಿಷಯಕ್ಕೆ ವೈದ್ಯಲೋಕದ ಗಮನ ಹರಿಯಿತು.

ಕಟ್ಟುವ ಕ್ರಮ ಹೀಗಿದೆ. ಮೊದಲು ಕೆಲವು ಜೀವಕೋಶಗಳು ತಮ್ಮ ಬಾಲದಂಥ ಎಳೆಗಳನ್ನು ಆಡಿಸುತ್ತಾ ಬಂದು ಮೇಲ್ಮೈಯನ್ನು ಮುಟ್ಟುತ್ತವೆ. ಆಗ ಹಿಡಿತ ಸಡಿಲ. ನೀರು ರಭಸವಾಗಿ ಹರಿದರೆ ಕೊಚ್ಚಿಹೋಗುತ್ತವೆ. ನೀರು ನಿಂತಿದ್ದರೆ ಅಥವಾ ಮೇಲ್ಮೈ ಒರಟಾಗಿದ್ದರೆ ಅಲ್ಲೇ ತಳವೂರಿ ಅಂಟು ಸ್ರವಿಸಲು ಶುರು ಮಾಡುತ್ತವೆ. ಈ ಅಂಟು ಸಕ್ಕರೆಯ ಉದ್ದ ಸರಪಳಿಗಳು, ಪ್ರೋಟೀನ್ ಮತ್ತು ಸತ್ತ ಕೋಶಗಳಿಂದ ಹೊರಬಂದ ಡಿಎನ್ಎ ಎಳೆಗಳು ಸೇರಿ ಆದದ್ದು. ನೀರು ಹೀರಿಕೊಂಡು ಇದು ಎಳನೀರಿನ ಒಳಗಿನ ಎಳೆಗಂಜಿಯಂತೆ ಮೆತ್ತಗಾಗುತ್ತದೆ. ಅನೇಕ ಲೋಳೆಪದರಗಳನ್ನು ಒಣಗಿಸಿ ತೂಗಿದರೆ ಅದರಲ್ಲಿ ಬ್ಯಾಕ್ಟೀರಿಯಾಗಳ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಅವು ಕಟ್ಟಿದ ಮನೆ.

ಒಂದು ಕೋಶ ಎರಡಾಗಿ, ನಾಲ್ಕಾಗಿ, ಗುಂಪು ದಟ್ಟವಾದಂತೆ ಅವು ಹೊರಬಿಡುವ ರಾಸಾಯನಿಕ ಸಂಕೇತಗಳೂ ಹೆಚ್ಚುತ್ತವೆ. ಗ್ರಾಮ ಪಂಚಾಯಿತಿ ಸಭೆಗೆ ಕೋರಂ ಬೇಕಿರುವಂತೆ, ಸಂಕೇತ ಒಂದು ಮಟ್ಟ ಮುಟ್ಟಿದಾಗ ಮಾತ್ರ ಗುಂಪು ಕೆಲವು ಕೆಲಸಗಳನ್ನು ಒಟ್ಟಾಗಿ ಆರಂಭಿಸುತ್ತದೆ. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರಿನಲ್ಲೂ ‘ಕೋರಂ’ ಎಂಬ ಪದವೇ ಇದೆ. ಪದರದ ನಡುನಡುವೆ ನೀರು ಓಡಾಡಲು ಸಣ್ಣ ಕಾಲುವೆಗಳಾಗುತ್ತವೆ. ಹೊರಗಿನ ಕೋಶಗಳು ಚುರುಕಾಗಿ ಉಣ್ಣುತ್ತವೆ. ಆಳದಲ್ಲಿರುವವು ಆಹಾರ, ಆಮ್ಲಜನಕ ಕಡಿಮೆಯಾಗಿ ನಿದ್ದೆಯಲ್ಲಿರುವಂತೆ ಇರುತ್ತವೆ. ಪದರ ಬಲಿತ ಮೇಲೆ ಕೆಲವು ಕೋಶಗಳು ಕಳಚಿಕೊಂಡು ನೀರಿನೊಂದಿಗೆ ಮುಂದಿನ ಜಾಗಕ್ಕೆ ಹೋಗುತ್ತವೆ. ಮುಟ್ಟಿದ ಕೆಲವೇ ಗಂಟೆಗಳಲ್ಲಿ ಅಂಟು ಆರಂಭವಾಗುತ್ತದೆ, ಕೆಲವು ದಿನಗಳಲ್ಲಿ ಪದರ ಬಲಿಯುತ್ತದೆ.

ರಾಗಿಯ ಬೇರಿನ ಕಾವಲು

ಒಂದು ಚಿಟಿಕೆ ಫಲವತ್ತಾದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಬೇರಿನ ಸುತ್ತಲಿನ ಕೆಲವೇ ಮಿಲಿಮೀಟರ್ ಮಣ್ಣಿನಲ್ಲಿ ಅವುಗಳ ಸಂಖ್ಯೆ ಇನ್ನೂ ಹೆಚ್ಚು. ಈ ವಲಯವನ್ನು ಜರ್ಮನಿಯ ಲೊರೆಂಝ್ ಹಿಲ್ಟ್ನರ್ 1904ರಲ್ಲಿ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟರು. ಅಲ್ಲಿ ಜನಸಂದಣಿಗೆ ಕಾರಣವಿದೆ. ಗಿಡ ಎಲೆಯಲ್ಲಿ ತಯಾರಿಸಿದ ಆಹಾರದ ಒಂದು ಪಾಲನ್ನು ಸಕ್ಕರೆ, ಹುಳಿ, ಅಮೈನೋ ಆಮ್ಲಗಳ ರೂಪದಲ್ಲಿ ಬೇರಿನ ಮೂಲಕ ಮಣ್ಣಿಗೆ ಬಿಡುತ್ತದೆ. ನೋಡುವವರಿಗೆ ಅದು ವ್ಯರ್ಥವೆನಿಸಬಹುದು. ಆದರೆ ಅದು ಗಿಡ ಕೊಡುವ ಕೂಲಿ.

ಇದಕ್ಕೆ 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ಒಳ್ಳೆಯ ಉದಾಹರಣೆ. ಸಾಸಿವೆ ಜಾತಿಯ ಪುಟ್ಟ ಗಿಡವೊಂದರ ಎಲೆಗೆ ರೋಗ ತಗುಲಿಸಿದಾಗ ಅದರ ಬೇರು ಮ್ಯಾಲಿಕ್ ಆಮ್ಲವನ್ನು ಹೆಚ್ಚಾಗಿ ಸ್ರವಿಸಿತು. ಸೇಬಿನ ಹುಳಿಗೆ ಕಾರಣವಾದ ಆಮ್ಲವೇ ಇದು. ಆ ಹುಳಿಯ ಜಾಡು ಹಿಡಿದು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೇರಿಗೆ ಬಂದು ಲೋಳೆಪದರ ಕಟ್ಟಿತು. ಎಲೆಗೆ ಕಾಯಿಲೆ ಬಂದರೆ ಬೇರು ನೆರವಿಗೆ ಕರೆಯುತ್ತದೆ ಎಂಬುದು ಅದರಿಂದ ತಿಳಿಯಿತು.

ನಮ್ಮ ತಟ್ಟೆಗೆ ಇನ್ನೂ ಹತ್ತಿರದ ಉದಾಹರಣೆ ರಾಗಿಯದು. ರಾಗಿ ಬೆಳೆಗೆ ಕೆಲವು ಬೂಷ್ಟು ರೋಗಗಳ ಕಾಟ ಕಡಿಮೆ ಏಕೆ ಎಂದು ಕೆನಡಾದ ಗೆಲ್ಫ್ ವಿಶ್ವವಿದ್ಯಾಲಯದ ತಂಡ ಹುಡುಕಿತು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ರಾಗಿಯ ಬೇರಿನೊಳಗೇ ವಾಸಿಸುವ ಎಂಟರೋಬ್ಯಾಕ್ಟರ್ ಜಾತಿಯ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಫ್ಯುಸೇರಿಯಂ ಎಂಬ ವಿಷಕಾರಿ ಬೂಷ್ಟು ಬೇರಿನ ಬಳಿ ಬಂದಾಗ ಈ ಬ್ಯಾಕ್ಟೀರಿಯಾಗಳು ಅತ್ತ ಧಾವಿಸುತ್ತವೆ. ಬೇರಿನ ರೋಮಗಳು ಹೆಚ್ಚಾಗಿ ಬೆಳೆದು, ಬಾಗಿ, ಬೇರಿಗೆ ಸಮಾನಾಂತರವಾಗಿ ಒಂದರ ಮೇಲೊಂದು ಒರಗುತ್ತವೆ. ಆ ರೋಮಗಳ ಪದರಗಳ ನಡುವೆ ಬ್ಯಾಕ್ಟೀರಿಯಾಗಳು ಲೋಳೆ ಕಟ್ಟಿ ತುಂಬಿಕೊಳ್ಳುತ್ತವೆ. ಹೀಗೆ ಸೋಗೆ ಹೆಣೆದ ತಡಿಕೆಗೆ ಮಣ್ಣು ಮೆತ್ತಿದಂಥ ಒಂದು ಗೋಡೆಯಾಗುತ್ತದೆ. ಬೂಷ್ಟು ಅದರಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಗೋಧಿ, ಜೋಳದಂಥ ಧಾನ್ಯಗಳಲ್ಲಿ ಈ ಬೂಷ್ಟು ಬೆಳೆದರೆ ಅದರ ವಿಷ ಹಿಟ್ಟಿಗೂ ಬರುತ್ತದೆ. ಆದ್ದರಿಂದ ಬೇರಿನ ಈ ಕಾವಲು ಗಿಡಕ್ಕೆ ಮಾತ್ರವಲ್ಲ, ತಿನ್ನುವವರಿಗೂ ಒಳ್ಳೆಯದು.

ತೆಂಗಿನ ಬುಡದಲ್ಲಿ

ತೆಂಗಿನ ಬೇರಿಗೆ ರಾಗಿಯಂತೆ ರೋಮಗಳಿಲ್ಲ. ಬುಡದಿಂದ ಸಾವಿರಾರು ಹಗ್ಗದಂಥ ಬೇರುಗಳು ಹೊರಡುತ್ತವೆ. ಅವುಗಳ ಎಳೆಯ ತುದಿಗಳೇ ನೀರು, ಸತ್ವ ಹೀರಬೇಕು. ಆ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು 2 ಮೀಟರ್ ದೂರದೊಳಗೇ ಇರುತ್ತವೆ. ಹಾಗಾಗಿ ಆ ಪಾತಿಯ ಮಣ್ಣಿನಲ್ಲಿ ಯಾವ ಜೀವಿಗಳು ನೆಲೆಸಿವೆ ಎಂಬುದು ಮರಕ್ಕೆ ಬಹಳ ಮುಖ್ಯ.

1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರದಿಂದ ಬೆಳೆದು ಬಂದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೇ ತತ್ವದ ಮೇಲೆ ತೆಂಗಿನ ಸಸಿಗಳಿಗಾಗಿ ‘ಕೇರ ಪ್ರೊಬಯೋ’ ಎಂಬ ಪುಡಿಯನ್ನು ರೂಪಿಸಿದೆ. ಅದರಲ್ಲಿರುವುದು ಬ್ಯಾಸಿಲಸ್ ಮೆಗಟೇರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಬೇರಿನ ಬಳಿ ನೆಲೆಸಿ ಸಸಿಯ ಬೆಳವಣಿಗೆಗೆ ನೆರವಾಗುವುದು ಅದರ ಕೆಲಸ. ಬ್ಯಾಸಿಲಸ್ ಜಾತಿಯವು ಒಣಗಿದಾಗ ಗಟ್ಟಿ ಕವಚದ ಬೀಜಾಣುವಾಗಿ ಮಲಗಿ, ತೇವ ಸಿಕ್ಕಾಗ ಎದ್ದೇಳಬಲ್ಲವು. ಅದಕ್ಕೇ ಪುಡಿಯಾಗಿ ಇಡಲು ಬರುತ್ತವೆ.

ಬುಡಕ್ಕೆ ಕೊಳೆತ ಗೊಬ್ಬರ, ಸೋಗೆ, ತೆಂಗಿನ ಮಟ್ಟೆಯ ಹೊದಿಕೆ ಹಾಕುವುದು, ಸಾಲುಗಳ ನಡುವೆ ಹೆಸರು, ಅಲಸಂದೆ ಬಿತ್ತುವುದು ಇವೆಲ್ಲ ಈ ಜೀವಿಗಳಿಗೆ ಊಟ ಮತ್ತು ತಂಪು ಕೊಡುತ್ತವೆ. ಬೇಸಿಗೆಯಲ್ಲಿ ಬುಡದ ಕಸ ಗುಡಿಸಿ ಬೆಂಕಿ ಹಚ್ಚಿದರೆ ಅವುಗಳ ಮನೆಯೂ ಸುಡುತ್ತದೆ. ಜೀವಾಣು ಗೊಬ್ಬರ ಹಾಕಿದ ದಿನವೇ ತಾಮ್ರದ ಔಷಧ ಸುರಿದರೆ ಹಾಕಿದ ದುಡ್ಡು ಮಣ್ಣುಪಾಲು. ಯಾವುದನ್ನು ಯಾವಾಗ ಹಾಕಬೇಕೆಂದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು.

ಬೇರಿಲ್ಲದ ಕಡೆ ಬಂದಾಗ

ಬ್ಯಾಕ್ಟೀರಿಯಾಗೆ ಬೇರು ಯಾವುದು, ಪ್ಲಾಸ್ಟಿಕ್ ಯಾವುದು ಎಂಬ ಭೇದವಿಲ್ಲ. ತೇವ, ಹಿಡಿದುಕೊಳ್ಳಲು ಒಂದು ಮೇಲ್ಮೈ, ಸ್ವಲ್ಪ ಆಹಾರ ಇಷ್ಟಿದ್ದರೆ ಸಾಕು. ಕೊಳವೆ ಬಾವಿಯ ನೀರು, ಧೂಳು, ಎಲೆ, ಹಕ್ಕಿಯ ಹಿಕ್ಕೆ, ನಮ್ಮದೇ ಕೈ ಇವುಗಳ ಮೂಲಕ ಅವು ಟ್ಯಾಂಕಿಗೆ ಬರುತ್ತವೆ.

ತೋಟದ ಹನಿ ನೀರಾವರಿ ಪೈಪಿನಲ್ಲಿ ಕಂದು, ಕಿತ್ತಳೆ ಬಣ್ಣದ ಲೋಳೆ ಕಟ್ಟಿ ರಂಧ್ರ ಮುಚ್ಚುವುದನ್ನು ರೈತರು ಕಂಡಿರುತ್ತಾರೆ. ಕೊಳವೆ ಬಾವಿಯ ನೀರಿನಲ್ಲಿ ಕರಗಿರುವ ಕಬ್ಬಿಣದಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಇವು ಸಾಮಾನ್ಯವಾಗಿ ಕಾಯಿಲೆ ತರುವುದಿಲ್ಲ. ಆದರೆ ಅವು ಕಟ್ಟಿದ ಲೋಳೆಯಲ್ಲಿ ಬೇರೆಯವು ಬಂದು ಸೇರಿಕೊಳ್ಳುತ್ತವೆ. ಲೋಳೆಪದರ ಒಂದೇ ಕುಲದವರ ಮನೆಯಲ್ಲ. ಭೇದಿ ತರುವ ರೋಗಾಣುಗಳು ನೀರಿಗೆ ಬಿದ್ದರೆ ಅವಕ್ಕೂ ಅಲ್ಲಿ ಆಶ್ರಯ ಸಿಗುತ್ತದೆ.

ಈಗ ಅನೇಕ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. 20 ಲೀಟರ್ ಕ್ಯಾನಿನಲ್ಲಿ ನೀರು ತಂದಿಡುತ್ತೇವೆ. ಆ ನೀರು ಯಂತ್ರದಿಂದ ಹೊರಬಂದಾಗ ಶುದ್ಧವಾಗಿಯೇ ಇರಬಹುದು. ಆದರೆ ಇದ್ದಿಲಿನ ಫಿಲ್ಟರ್ ಕ್ಲೋರಿನ್ ಅನ್ನು ಹೀರಿಬಿಡುವುದರಿಂದ ಮುಂದೆ ಆ ನೀರನ್ನು ಕಾಯುವ ಔಷಧ ಅದರಲ್ಲಿ ಉಳಿದಿರುವುದಿಲ್ಲ. ಕೈ ಹೋಗದ ಸಣ್ಣ ಬಾಯಿಯ ಕ್ಯಾನನ್ನು ತಿಂಗಳುಗಟ್ಟಲೆ ಬರೀ ಕುಲುಕಿ ತೊಳೆದರೆ ಒಳಗೆ ಲೋಳೆ ಉಳಿದೇ ಇರುತ್ತದೆ. ಶುದ್ಧ ನೀರಿಗೆ ದುಡ್ಡು ಕೊಟ್ಟು ಅಶುದ್ಧ ಪಾತ್ರೆಯಲ್ಲಿ ಕುಡಿದಂತಾಗುತ್ತದೆ.

ಇಬ್ನ್ ಸೀನಾ ತಮ್ಮ ‘ಅಲ್-ಖಾನೂನ್’ ಗ್ರಂಥದಲ್ಲಿ ನೀರಿನ ಬಗೆಗಳನ್ನು ಕುರಿತು ಪ್ರತ್ಯೇಕವಾಗಿ ಬರೆದು, ಹರಿಯುವ ನೀರನ್ನು ನಿಂತ ನೀರಿಗಿಂತ ಮೇಲೆಂದು ಹೇಳಿದ್ದಾರೆ. ಅವರ ಕಾಲದಲ್ಲಿ ಬ್ಯಾಕ್ಟೀರಿಯಾ ಕಾಣುವ ಸಾಧನ ಇರಲಿಲ್ಲ. ಆದರೆ ನಿಂತ ನೀರಿನ ಬಗ್ಗೆ ಅವರಿಗಿದ್ದ ಎಚ್ಚರ ಇಂದಿನ ಟ್ಯಾಂಕಿಗೂ ಸಲ್ಲುತ್ತದೆ.

ಔಷಧ ಏಕೆ ನಾಟುವುದಿಲ್ಲ?

1680ರ ದಶಕದಲ್ಲಿ ಹಾಲೆಂಡಿನ ಲೀವೆನ್‌ಹುಕ್ ತಮ್ಮ ಹಲ್ಲಿನ ಸಂದಿಯ ಬಿಳಿ ಕಿಟ್ಟವನ್ನು ಕೆರೆದು, ತಾವೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು. ಅವರು ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ಮತ್ತೆ ಕೆರೆದು ನೋಡಿದರು. ಜೀವಿಗಳು ಇನ್ನೂ ಬದುಕಿದ್ದವು. ಕೆರೆದ ಕಿಟ್ಟಕ್ಕೆ ನೇರವಾಗಿ ವಿನೆಗರ್ ಬೆರೆಸಿದಾಗ ಮಾತ್ರ ಸತ್ತವು. ವಿನೆಗರ್ ಕಿಟ್ಟದ ಹೊರಭಾಗದವನ್ನಷ್ಟೇ ಕೊಂದಿದೆ, ಒಳಕ್ಕೆ ಇಳಿದಿಲ್ಲ ಎಂದು ಅವರು ತೀರ್ಮಾನಿಸಿದರು. ಬಯೋಫಿಲ್ಮ್ ಎಂಬ ಪದ ಹುಟ್ಟುವ ಸುಮಾರು 300 ವರ್ಷ ಮೊದಲೇ ಅದರ ಮುಖ್ಯ ಗುಣ ಅವರ ಕಣ್ಣಿಗೆ ಬಿದ್ದಿತ್ತು.

ಇಂದು ನಮಗೆ ಕಾರಣಗಳು ತಿಳಿದಿವೆ. ಕ್ಲೋರಿನ್‌ನಂಥ ಔಷಧ ಲೋಳೆಯ ಹೊರಪದರದೊಂದಿಗೆ ವರ್ತಿಸುತ್ತಲೇ ಖರ್ಚಾಗಿಬಿಡುತ್ತದೆ, ಒಳಕ್ಕೆ ತಲುಪುವುದು ಸ್ವಲ್ಪವೇ. ಅನೇಕ ಆಂಟಿಬಯಾಟಿಕ್‌ಗಳು ಬೆಳೆಯುತ್ತಿರುವ ಕೋಶಗಳನ್ನು ಕೊಲ್ಲುತ್ತವೆ. ಆದರೆ ಪದರದ ಆಳದಲ್ಲಿರುವವು ಬೆಳೆಯದೆ ಮಲಗಿರುತ್ತವೆ. ಹೀಗಾಗಿ ಒಂಟಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧದ ಹತ್ತು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಔಷಧವನ್ನೂ ಲೋಳೆಪದರದೊಳಗಿನ ಅದೇ ಬ್ಯಾಕ್ಟೀರಿಯಾ ತಡೆದುಕೊಳ್ಳಬಲ್ಲದು. ಔಷಧದ ಪ್ರಭಾವ ಮುಗಿದ ಮೇಲೆ ಉಳಿದವು ಎದ್ದು ಮತ್ತೆ ಬೆಳೆಯುತ್ತವೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದು ವಾಸನೆ ಬಂತೆಂದು ನಿಶ್ಚಿಂತರಾಗುವುದು ಇದಕ್ಕಾಗಿಯೇ ಸಾಲದು.

ಯೂನಾನಿ ಚಿಕಿತ್ಸೆಯಲ್ಲಿ ಮೊದಲು ಮುಂಝಿಜ್ ಕೊಟ್ಟು ಕೆಟ್ಟ ದ್ರವ್ಯವನ್ನು ಸಡಿಲಗೊಳಿಸಿ, ಆಮೇಲೆ ಮುಸ್‌ಹಿಲ್ ಕೊಟ್ಟು ಹೊರಹಾಕುವ ಕ್ರಮವಿದೆ. ಲೋಳೆಪದರಕ್ಕೆ ಇದನ್ನು ಹೋಲಿಕೆಯಾಗಿ ನೆನಪಿಟ್ಟುಕೊಳ್ಳಬಹುದು: ಮೊದಲು ಉಜ್ಜಿ ಸಡಿಲಿಸಿ, ತೊಳೆದು ಹೊರಹಾಕಿ, ಆಮೇಲೆ ಔಷಧ.

ದೇಹದಲ್ಲಿ ಲೋಳೆಪದರ

ಹಲ್ಲು: ಹಲ್ಲಿನ ಕಿಟ್ಟ ಕಟ್ಟುವುದು ಮಣ್ಣಿನ ಬ್ಯಾಕ್ಟೀರಿಯಾ ಅಲ್ಲ, ಬಾಯಿಯದೇ. ಆದರೆ ನಿಯಮ ಒಂದೇ. ಮೌತ್‌ವಾಶ್ ಮುಕ್ಕಳಿಸಿದರೆ ಕಿಟ್ಟ ಹೋಗದು, ತಿಕ್ಕಬೇಕು. ಮಿಸ್ವಾಕ್‌ನ ದೊಡ್ಡ ಗುಣವೂ ಅದರ ನಾರಿನ ತಿಕ್ಕುವಿಕೆಯಲ್ಲೇ ಇದೆ. ಆದರೆ ಒಂದೇ ತುದಿಯನ್ನು ವಾರಗಟ್ಟಲೆ ಬಳಸಿ, ತೇವದ ಬಚ್ಚಲಲ್ಲಿ ಇಟ್ಟರೆ ಆ ನಾರಿನಲ್ಲೇ ಲೋಳೆ ಕಟ್ಟುತ್ತದೆ. ಬಳಸಿದ ತುದಿಯನ್ನು ಆಗಾಗ ಕತ್ತರಿಸಿ ಹೊಸ ನಾರು ಮಾಡಿಕೊಳ್ಳಿ, ಗಾಳಿಯಾಡುವ ಒಣ ಜಾಗದಲ್ಲಿಡಿ.

ಮೂತ್ರದ ನಳಿಕೆ: ಪಾರ್ಶ್ವವಾಯು ಅಥವಾ ಪ್ರಾಸ್ಟೇಟ್ ತೊಂದರೆಯಾದ ಹಿರಿಯರಿಗೆ ನಳಿಕೆ ಹಾಕಿ ಮನೆಗೆ ಕಳಿಸುವುದು ಸಾಮಾನ್ಯ. ನಳಿಕೆಯ ಮೇಲೆ ದಿನಗಳಲ್ಲೇ ಲೋಳೆಪದರ ಆರಂಭವಾಗುತ್ತದೆ. ಮಣ್ಣು, ನೀರಿನಲ್ಲಿ ವಾಸಿಸುವ ಸೂಡೋಮೋನಾಸ್ ಎರುಜಿನೋಸಾ ಕೂಡ ಅಲ್ಲಿ ನೆಲೆಸುತ್ತದೆ. ಇದೇ ಸೂಡೋಮೋನಾಸ್ ಕುಲದ ಫ್ಲೋರೆಸೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ರೈತರು ಬೇರಿನ ರಕ್ಷಣೆಗೆ ಬಳಸುತ್ತಾರೆ. ಒಂದೇ ಮನೆತನದ ಇಬ್ಬರು, ಒಬ್ಬ ಕಾವಲುಗಾರ, ಒಬ್ಬ ಕಳ್ಳ. ನಳಿಕೆ ಮುಟ್ಟುವ ಮೊದಲು, ನಂತರ ಸಾಬೂನಿನಿಂದ ಕೈ ತೊಳೆಯಿರಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ವೈದ್ಯರು ಹೇಳಿದ ದಿನಕ್ಕೆ ನಳಿಕೆ ಬದಲಿಸಿ. ಬಹುದಿನ ನಳಿಕೆ ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಮೂತ್ರ ಸ್ವಲ್ಪ ಮಸುಕಾಯಿತೆಂದು ಅಂಗಡಿಯಿಂದ ಆಂಟಿಬಯಾಟಿಕ್ ತಂದು ಕೊಡಬೇಡಿ. ಜ್ವರ, ನಡುಕ, ಹೊಟ್ಟೆನೋವು, ಗೊಂದಲದ ಮಾತು, ಮೂತ್ರ ನಿಲ್ಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಹಳೆಯ ನಳಿಕೆ ತೆಗೆದು ಹೊಸದನ್ನು ಹಾಕಿ ಔಷಧ ಶುರು ಮಾಡುವುದಕ್ಕೆ ಕಾರಣ ಹಳೆಯದರ ಮೇಲಿನ ಲೋಳೆಯೇ.

ಸಕ್ಕರೆ ಕಾಯಿಲೆಯವರ ಕಾಲು: ತೋಟದಲ್ಲಿ ಬರಿಗಾಲಲ್ಲಿ ನಡೆಯುವಾಗ ಗರಿಯ ಕಡ್ಡಿ, ಮಟ್ಟೆಯ ಚೂಪು, ಕಾಯಿ ಸುಲಿಯುವ ಕಬ್ಬಿಣದ ಮೊನೆ ಚುಚ್ಚುವುದುಂಟು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯದಾದ ಗಾಯದ ತಳದಲ್ಲಿ ಲೋಳೆಪದರ ಕಟ್ಟಿದರೆ ಮುಲಾಮು, ಮಾತ್ರೆ ಎರಡೂ ಸೋಲುತ್ತವೆ. ವೈದ್ಯರು ಸತ್ತ ಅಂಗಾಂಶವನ್ನು ಕೆರೆದು ತೆಗೆದು ಶುದ್ಧ ಮಾಡಿದ ಮೇಲೆಯೇ ಔಷಧ ನಾಟುತ್ತದೆ. ಈ ಕೆಲಸ ಆಸ್ಪತ್ರೆಯದು, ಮನೆಯಲ್ಲಿ ಬ್ಲೇಡ್ ಹಿಡಿಯುವಂತಿಲ್ಲ. ಕಾಫಿಪುಡಿ, ಬೂದಿ, ಸೊಪ್ಪಿನ ರಸ, ಎಣ್ಣೆ ತುಂಬಿ ಬಟ್ಟೆ ಕಟ್ಟುವುದು ಗಾಯವನ್ನು ಮುಚ್ಚಿಟ್ಟಂತೆ, ಗುಣಪಡಿಸಿದಂತಲ್ಲ. ಯೂನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ವುಝೂಗೆ ಕಾಲು ತೊಳೆಯುವಾಗ ಬೆರಳುಗಳ ನಡುವೆ ಬೆರಳಾಡಿಸುವ ಖಿಲಾಲ್ ಒಳ್ಳೆಯ ಪರೀಕ್ಷೆಯೂ ಹೌದು. ಆ ಹೊತ್ತಿಗೆ ಅಂಗಾಲನ್ನೂ ನೋಡಿ, ಆಮೇಲೆ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ಮಣ್ಣು ಸೇರಿದ ಗಾಯಕ್ಕೆ ಟಿಟಿ ಚುಚ್ಚುಮದ್ದಿನ ಬಗ್ಗೆ ಅಂದೇ ವಿಚಾರಿಸಿ.

ಮಣ್ಣಿನಿಂದ ಬರುವ ಒಂದು ಗಂಭೀರ ರೋಗದ ಹೆಸರೂ ತಿಳಿದಿರಲಿ. ಮೆಲಿಯಾಯ್ಡೋಸಿಸ್ ಎಂಬ ಈ ರೋಗವನ್ನು ಕರಾವಳಿ ಕರ್ನಾಟಕದಿಂದ, ಮುಖ್ಯವಾಗಿ ಮಣಿಪಾಲದ ವೈದ್ಯರು ವರದಿ ಮಾಡುತ್ತಾ ಬಂದಿದ್ದಾರೆ. ಮಳೆಗಾಲದಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು. ನೋಡಲು ಕ್ಷಯದಂತೆಯೂ ಇರಬಹುದು. ಇದರ ಬ್ಯಾಕ್ಟೀರಿಯಾ ಕೂಡ ಲೋಳೆಪದರ ಕಟ್ಟುತ್ತದೆ. ಚಿಕಿತ್ಸೆಯಲ್ಲಿ ಮೊದಲು ಹಲವು ದಿನ ಚುಚ್ಚುಮದ್ದು, ನಂತರ ಸುಮಾರು 3 ತಿಂಗಳು ಮಾತ್ರೆ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆ. ಸಕ್ಕರೆ ಕಾಯಿಲೆಯಿರುವವರು ಕರಾವಳಿಯ ಮಳೆಗಾಲದಲ್ಲಿ ಕೆಸರಿನಲ್ಲಿ ಕೆಲಸ ಮಾಡಿ ಬಂದ ನಂತರ ಬಿಡದ ಜ್ವರ ಕಂಡರೆ ವೈದ್ಯರಿಗೆ ಆ ವಿಷಯವನ್ನೂ ಹೇಳಬೇಕು.

ಟ್ಯಾಂಕ್ ತೊಳೆಯುವ ಸರಿಯಾದ ಕ್ರಮ

ವರ್ಷಕ್ಕೆ 2 ಬಾರಿ, ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ, ಹೀಗೆ ಮಾಡಿ.

1. ಮೋಟಾರ್ ಸ್ವಿಚ್ ಆಫ್ ಮಾಡಿ. ನೀರನ್ನು ಒಂದು ಗೇಣಿನಷ್ಟು ಉಳಿಸಿ ಉಳಿದದ್ದನ್ನು ಬಳಸಿಕೊಳ್ಳಿ.

2. ಗೋಡೆ, ತಳ, ಮೂಲೆ, ಮುಚ್ಚಳದ ಒಳಭಾಗ, ಫ್ಲೋಟ್ ಚೆಂಡು, ಪೈಪಿನ ಬಾಯಿ ಎಲ್ಲವನ್ನೂ ನೈಲಾನ್ ಬ್ರಷ್‌ನಿಂದ ಉಜ್ಜಿ. ಬೆರಳಿಗೆ ಜಾರದಷ್ಟು ಆಗಬೇಕು.

3. ಲೋಳೆ ಬೆರೆತ ನೀರನ್ನು ತಳದ ತೂಬಿನಿಂದ ಹೊರಗೆ ಬಿಡಿ, ಇಲ್ಲವೇ ಮೊಗೆದು ಹಾಕಿ. ಮನೆಯ ನಲ್ಲಿಗಳ ಮೂಲಕ ಬಿಡಬೇಡಿ. ಎರಡು ಬಾರಿ ಸ್ವಚ್ಛ ನೀರಿನಿಂದ ತೊಳೆಯಿರಿ.

4. ಟ್ಯಾಂಕ್ ತುಂಬಿ, 1000 ಲೀಟರಿಗೆ ಸುಮಾರು 200 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಬಕೆಟ್‌ನಲ್ಲಿ ಕಲಸಿ, ಗಷ್ಟು ಇಳಿದ ಮೇಲೆ ತಿಳಿನೀರನ್ನು ಮಾತ್ರ ಸೇರಿಸಿ. ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ. ಒಂದು ರಾತ್ರಿ ಹಾಗೇ ಬಿಡಿ. ಆ ನೀರನ್ನು ಯಾರೂ ಕುಡಿಯಬಾರದು, ಬಳಸಬಾರದು.

5. ಮರುದಿನ ಎಲ್ಲವನ್ನೂ ಚರಂಡಿಗೆ ಬಿಡಿ. ತೆಂಗಿನ ಪಾತಿಗೆ, ಕೈತೋಟಕ್ಕೆ ಹರಿಸಬೇಡಿ. ಅಲ್ಲಿನ ಬೇರಿನ ಕಾವಲುಗಾರರೂ ಸಾಯುತ್ತಾರೆ. ಹೊಸ ನೀರು ತುಂಬಿ ಬಳಸಿ.

6. ಮುಂದೆ ಕುಡಿಯುವ ನೀರಿಗೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಹಾಕಿ 1 ಗಂಟೆ ಕಾಯಬೇಕು. ಪೌಡರನ್ನು ಗಾಳಿ, ಬೆಳಕು ಸೋಕದ ಡಬ್ಬಿಯಲ್ಲಿಡಿ. ತೆರೆದಿಟ್ಟದ್ದು ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ಮೂರು ಎಚ್ಚರಿಕೆಗಳು. ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ಹೊರಡುವ ವಿಷಾನಿಲ ಶ್ವಾಸಕೋಶವನ್ನು ಸುಡುತ್ತದೆ. ನೆಲದೊಳಗಿನ ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಿಸಿ, ಮೇಲೊಬ್ಬರು ನಿಂತಿರಲಿ. ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಇಳಿಸಿ ಓಡಿಸಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ.

ಮಸೀದಿಯ ಹೌಝ್ ಇರುವಲ್ಲಿ ಕಮಿಟಿಯವರು ನೀರು ಬದಲಿಸುವುದರ ಜೊತೆಗೆ ಗೋಡೆ, ಮೆಟ್ಟಿಲು ಉಜ್ಜಿಸುವ ದಿನವನ್ನೂ ನಿಗದಿ ಮಾಡಲಿ. ನಲ್ಲಿಗಳ ಬಾಯಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿಸಿದರೆ ಸಾಕಷ್ಟು ಲೋಳೆ ಹೋಗುತ್ತದೆ.

ಅಡುಗೆಮನೆಯಲ್ಲಿ

ಕುಡಿಯುವ ನೀರಿಗೆ ಕೈ ಒಳಗೆ ಹೋಗುವಷ್ಟು ಅಗಲ ಬಾಯಿಯ ಪಾತ್ರೆ ಇಡಿ. ಅದನ್ನು ದಿನವೂ ಒಳಗೆ ಕೈಯಾಡಿಸಿ ಉಜ್ಜಿ ಬೋರಲು ಹಾಕಿ ಒಣಗಿಸಿ. ತೇವವಿಲ್ಲದೆ ಲೋಳೆ ಬೆಳೆಯದು. ಪಾತ್ರೆ ಉಜ್ಜುವ ಸ್ಪಂಜು ಸ್ವತಃ ಲೋಳೆಯ ಗೂಡು. ಅದನ್ನು ಹಿಂಡಿ ಬಿಸಿಲಲ್ಲಿ ಒಣಗಿಸಿ, ಬೇಗ ಬದಲಿಸಿ. ತೆಂಗಿನ ನಾರು ಬಳಸಿ ಎರಡು ಮೂರು ದಿನಕ್ಕೆ ಎಸೆಯುವ ಹಳೆಯ ಪದ್ಧತಿ ಇದಕ್ಕಿಂತ ಮೇಲು. ಹಾಲು ಕುಡಿಯುವ ಮಗುವಿನ ಬಾಟಲಿ, ನಿಪ್ಪಲ್, ತಿರುಪಿನ ಸಂದುಗಳನ್ನು ಬಿಡಿಸಿ, ಬ್ರಷ್‌ನಿಂದ ಉಜ್ಜಿದ ಮೇಲೆ ಕುದಿಸಿ. ಉಜ್ಜದೆ ಕುದಿಸಿದರೆ ಹಾಲಿನ ಜಿಡ್ಡು ಅಲ್ಲೇ ಗಟ್ಟಿಯಾಗಿ ಮುಂದಿನ ಪದರಕ್ಕೆ ತಳಪಾಯವಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಎದೆಹಾಲೊಂದೇ ಸಾಕು, ಬಾಟಲಿಯ ಗೊಡವೆಯೇ ಇರುವುದಿಲ್ಲ.

ಬೇರಿನ ಮೇಲಿನ ಲೋಳೆಯನ್ನು ಕಟ್ಟುವವನೂ ಟ್ಯಾಂಕಿನ ಲೋಳೆಯನ್ನು ಕಟ್ಟುವವನೂ ಅದೇ ಬಗೆಯ ಸೂಕ್ಷ್ಮಜೀವಿ. ಅದು ತನ್ನ ಕೆಲಸವನ್ನು ಎಲ್ಲಿದ್ದರೂ ಮಾಡುತ್ತದೆ. ಅದಕ್ಕೆ ಎಲ್ಲಿ ಜಾಗ ಕೊಡಬೇಕು, ಎಲ್ಲಿ ಕೊಡಬಾರದು ಎಂದು ತೀರ್ಮಾನಿಸುವ ಬುದ್ಧಿ ನಮಗಿದೆ. ಈ ವಾರದ ರಜೆಯ ದಿನ ಮನೆಯ ದೊಡ್ಡ ಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ಕುಡಿಯುವ ನೀರಿನ ಪಾತ್ರೆಯಿಂದ ಕೆಲಸ ಶುರು ಮಾಡಿ. ಬ್ರಷ್ ಮೊದಲು, ಬ್ಲೀಚಿಂಗ್ ಆಮೇಲೆ. ಈ ಕ್ರಮವನ್ನು ಅವರಿಗೂ ಕಲಿಸಿ.